ಐಟಿಐ ಡೀಸೆಲ್ ಮುಗಿದಿದೆ: ಮಿಸ್ತ್ರಿ ಕೈಕೆಳಗೇ ಇರಲಾ, ಡೀಲರ್ ಸರ್ವಿಸ್‌ಗೆ ಹೋಗಲಾ?

ಮುಧೋಳ_ಹುಡುಗ

ಎಲ್ಲರಿಗೂ ನಮಸ್ಕಾರ. ಜೆಸಿಬಿ, ಹಿಟಾಚಿ (ಚೈನಿನ ಮೇಲೆ ನಡೆಯುವ ಅಗೆಯುವ ಮಷೀನ್) ರಿಪೇರಿ ಮಾಡುವವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಐಟಿಐ ಮೆಕ್ಯಾನಿಕ್ ಡೀಸೆಲ್, ಒಂದು ವರ್ಷದ ಟ್ರೇಡ್. ಮುಗಿದ ಮೇಲೆ ಲೋಕಾಪುರ ರಸ್ತೆಯ ಒಂದು ಗ್ಯಾರೇಜಿಗೆ ಹೆಲ್ಪರ್ ಆಗಿ ಸೇರಿದೆ, ಎರಡು ವರ್ಷ ದಾಟಿತು. ನಮ್ಮ ಮಿಸ್ತ್ರಿ ಕಾಕಾ ಕೈ ಬಹಳ ಚಲೋ ಇದೆ. ಎಂಜಿನ್ ಸದ್ದು ಕೇಳಿಯೇ ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂತ ಹೇಳುತ್ತಾರೆ. ಅವರ ಹತ್ತಿರ ಹೆಡ್ ಇಳಿಸುವುದು, ಲೈನರ್ ಪಿಸ್ಟನ್ ಹಾಕುವುದು, ಜ್ಯಾಕಿನ ಸೀಲ್ ಕಿಟ್ ಬದಲಿಸುವುದು, ಬಕೆಟ್ಟಿನ ಪಿನ್ ಬುಷ್ ಹೊಡೆಯುವುದು, ಇಷ್ಟು ಕಲಿತಿದ್ದೇನೆ. ಆದರೆ ಹೈಡ್ರಾಲಿಕ್ ಕಂಪ್ಲೇಂಟ್ ಬಂದರೆ ನಮ್ಮಲ್ಲಿ ಮೊದಲು ಪಂಪ್ ಇಳಿಸುತ್ತಾರೆ, ಅದರಲ್ಲಿ ಏನೂ ಸಿಗದಿದ್ದರೆ ವಾಲ್ವ್ ಬಿಚ್ಚುತ್ತಾರೆ. ಯಾಕೆ ಅಂತ ಕೇಳಿದರೆ "ನೋಡಿಕೋತ ಇರು, ತಾನೇ ತಿಳೀತದ" ಅನ್ನುತ್ತಾರೆ. ಹೊಸ ಮಷೀನ್ ಬಂದು ಮೀಟರಿನಲ್ಲಿ ದೋಷದ ಕೋಡ್ ತೋರಿಸಿದರೆ ಕಂಪನಿಯವರಿಗೆ ಫೋನ್ ಮಾಡಿ ಅಂತ ಮಾಲಕರಿಗೆ ಹೇಳಿ ಕಳಿಸುತ್ತಾರೆ.

ಈಗ ವಿಷಯ ಏನೆಂದರೆ, ಬೆಳಗಾವಿಯಲ್ಲಿ ಒಬ್ಬ ಡೀಲರ್ ಹತ್ತಿರ ಅಪ್ರೆಂಟಿಸ್ ಆಗಿ ಕರೆದಿದ್ದಾರೆ. ಒಂದು ವರ್ಷ. ಸ್ಟೈಪೆಂಡ್ ಈಗಿನ ಸಂಬಳಕ್ಕಿಂತ ಕಡಿಮೆ, ಜೊತೆಗೆ ಅಲ್ಲಿ ರೂಮ್ ಬಾಡಿಗೆ, ಊಟದ ಖರ್ಚು ಬೇರೆ. ಮನೆಯಲ್ಲಿ ಅಪ್ಪ ಬೇಡ ಅನ್ನುತ್ತಾರೆ. ಇರುವ ಕೆಲಸ ಬಿಟ್ಟು ಕಡಿಮೆ ಪಗಾರಕ್ಕೆ ಯಾರು ಹೋಗುತ್ತಾರೆ ಅಂತ. ನಮ್ಮ ಮಾವ ಮಸ್ಕತ್‌ನಲ್ಲಿದ್ದಾರೆ, ಅವರು ಎರಡೂ ಬಿಟ್ಟು ಪಾಸ್‌ಪೋರ್ಟ್ ಮಾಡಿಸು ಅನ್ನುತ್ತಾರೆ. ಕಬ್ಬಿನ ಸೀಸನ್ ಶುರುವಾಗುವ ಹೊತ್ತು ಬೇರೆ, ಕಾಕಾರನ್ನು ಈಗ ಬಿಟ್ಟು ಹೋಗುವುದು ಸರಿ ಅನಿಸುತ್ತಿಲ್ಲ.

ನೀವಾದರೆ ಏನು ಮಾಡುತ್ತಿದ್ದಿರಿ? ಸುಮ್ನೆ ಧೈರ್ಯ ತುಂಬಬೇಡಿ, ಇದ್ದದ್ದು ಇದ್ದಂತೆ ಹೇಳಿ.

ಇಳಕಲ್_ಕ್ವಾರಿ_ಮಿಸ್ತ್ರಿ

ತಮ್ಮಾ, ನಾನು ಇಳಕಲ್ ಕಡೆ ಗ್ರಾನೈಟ್ ಕ್ವಾರಿಯಲ್ಲಿ ಕೆಲಸ ಮಾಡುವವನು. ಯಾವ ಕಂಪನಿಯ ಸರ್ಟಿಫಿಕೇಟೂ ನನ್ನ ಹತ್ತಿರ ಇಲ್ಲ. ಹಾಗಾಗಿ ಡೀಲರ್ ಪರವಾಗಿ ಮಾತಾಡುತ್ತಿದ್ದೇನೆ ಅಂತ ತಿಳಿಯಬೇಡ.

ನೀನು ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದೇ ಸಾಲು. "ಮೊದಲು ಪಂಪ್ ಇಳಿಸುತ್ತಾರೆ." ಪ್ರೆಶರ್ ಅಳೆಯುವ ಗೇಜ್ ಹಾಕದೆ ಪಂಪ್ ಇಳಿಸುವ ಕಡೆ ಇನ್ನೂ ಹತ್ತು ವರ್ಷ ಇದ್ದರೂ ಇಳಿಸುವುದನ್ನೇ ಕಲಿಯುತ್ತೀಯ. ಕೆಲಸ ಬೇಗ ಆಗುತ್ತದೆ, ಕೈ ಗಟ್ಟಿಯಾಗುತ್ತದೆ, ಅಷ್ಟೇ. ಯಾವ ಪಾರ್ಟ್ ಹೋಗಿದೆ ಅಂತ ಹೇಳುವವನಿಗೇ ಈ ಲೈನಿನಲ್ಲಿ ದುಡ್ಡು.

ಒಂದು ಕೇಸ್ ಹೇಳುತ್ತೇನೆ, ಇದನ್ನು ಎಲ್ಲಿ ಬೇಕಾದರೂ ಮಾಡಿ ನೋಡಬಹುದು. ಕಳೆದ ಬೇಸಿಗೆಯಲ್ಲಿ 20 ಟನ್ ಮಷೀನ್ ಒಂದು ನಡೆಯುವಾಗ ಬಲಕ್ಕೆ ಎಳೆಯುತ್ತಿತ್ತು. ಬಲಗಡೆ ಚೈನ್ ನಿಧಾನ. ಬೂಮ್, ಆರ್ಮ್, ಬಕೆಟ್ ಎಲ್ಲ ಸರಿಯಾಗಿ ಓಡುತ್ತಿವೆ. ಬೇರೆ ಮಿಸ್ತ್ರಿಯೊಬ್ಬರು ಬಂದು ಚೈನ್ ತಿರುಗಿಸುವ ಟ್ರಾವೆಲ್ ಮೋಟರ್ ಹೋಗಿದೆ, ಹೊಸದು ಹಾಕಿಸಿ ಅಂದಿದ್ದರು. ಮೋಟರ್ ಅಂದರೆ ಲಕ್ಷಗಳ ಮಾತು. ಮಾಲಕರ ಮುಖ ನೋಡುವಂತಿರಲಿಲ್ಲ.

ನಾವು ಮಾಡಿದ್ದು ಇಷ್ಟು. ಮೊದಲು ಎರಡೂ ಚೈನಿನ ಟೆನ್ಶನ್ ನೋಡಿದೆವು, ಬಲಗಡೆ ಬಹಳ ಬಿಗಿ ಇದ್ದರೆ ಅದೂ ಎಳೆಯುತ್ತದೆ. ಸರಿ ಇತ್ತು. ಆಮೇಲೆ ಕಂಟ್ರೋಲ್ ವಾಲ್ವಿನಿಂದ ಬರುವ ಟ್ರಾವೆಲ್ ಹೋಸ್‌ಗಳನ್ನು ಸೆಂಟರ್ ಜಾಯಿಂಟಿಗೆ (ತಿರುಗುವ ಮೇಲಿನ ಭಾಗದಿಂದ ಕೆಳಗಿನ ಚೈನ್ ಭಾಗಕ್ಕೆ ಆಯಿಲ್ ದಾಟಿಸುವ ಜಾಯಿಂಟ್) ಸೇರುವ ಮೇಲಿನ ತುದಿಯಲ್ಲಿ ಎಡಬಲ ಅದಲು ಬದಲು ಮಾಡಿದೆವು. ಈಗ ಎಡಗಡೆ ಚೈನ್ ನಿಧಾನ ಆದರೆ ತೊಂದರೆ ಮೇಲೆ ಇದೆ, ಅಂದರೆ ಪಂಪ್ ಅಥವಾ ವಾಲ್ವ್. ಬಲಗಡೆಯೇ ನಿಧಾನ ಉಳಿದರೆ ತೊಂದರೆ ಕೆಳಗೆ, ಅಂದರೆ ಸೆಂಟರ್ ಜಾಯಿಂಟ್ ಅಥವಾ ಮೋಟರ್. ಬಲಗಡೆಯೇ ಉಳಿಯಿತು. ಹೋಸ್ ವಾಪಸ್ ಮೊದಲಿನಂತೆ ಹಾಕಿ, ಈ ಸಲ ಸೆಂಟರ್ ಜಾಯಿಂಟಿನ ಕೆಳಗೆ ಮೋಟರಿಗೆ ಹೋಗುವ ಹೋಸ್ ಬದಲಿಸಿದೆವು. ಆಗ ಎಡಗಡೆ ನಿಧಾನ ಆಯಿತು! ಮೋಟರ್ ಗಟ್ಟಿಮುಟ್ಟಾಗಿದೆ, ಒಳಗೆ ಆಯಿಲ್ ದಾಟುತ್ತಿರುವುದು ಸೆಂಟರ್ ಜಾಯಿಂಟಿನಲ್ಲಿ. ಸೀಲ್ ಕಿಟ್ ಹಾಕಿದೆವು, ಮಷೀನ್ ನೆಟ್ಟಗೆ ನಡೆಯಿತು. ಸೀಲ್ ಕಿಟ್ಟಿನ ರೇಟಿಗೂ ಮೋಟರಿನ ರೇಟಿಗೂ ಎಷ್ಟು ಫರಕು ಅಂತ ನಿನಗೇ ಗೊತ್ತು.

ಇದಕ್ಕೆ ಕೋಡ್ ಓದುವ ಲ್ಯಾಪ್‌ಟಾಪ್ ಬೇಕಿಲ್ಲ, ಎರಡು ಪಾನಾ ಸಾಕು. ಆದರೆ ಆಯಿಲ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅನ್ನುವ ಸರ್ಕಿಟ್ ತಲೆಯಲ್ಲಿ ಇರಬೇಕು. ಅದನ್ನು ಕೂರಿಸಿ ಹೇಳಿಕೊಡುವವರು ಎಲ್ಲಿದ್ದಾರೋ ಅಲ್ಲಿಗೆ ಹೋಗು. ಕಾಕಾ ಹೇಳಿಕೊಡುವುದಿಲ್ಲ ಅಂದರೆ ಡೀಲರ್ ಹತ್ತಿರ ಹೋಗು. ಡೀಲರ್ ಹತ್ತಿರವೂ ಬರೀ ಫಿಲ್ಟರ್ ಬದಲಿಸಿ ಸ್ಟಿಕರ್ ಅಂಟಿಸುವ ಕೆಲಸ ಕೊಟ್ಟರೆ ಅಲ್ಲಿಂದಲೂ ಹೊರಡು.

ಇನ್ನೊಂದು, ಯಾರೂ ಹೇಳದಿದ್ದರೆ ನಾನಾದರೂ ಹೇಳಬೇಕು. ಹೋಸ್ ಎಲ್ಲಿ ಲೀಕ್ ಅಂತ ಕೈಯಾಡಿಸಿ ಹುಡುಕುವ ಚಟ ಗ್ಯಾರೇಜಿನ ಹುಡುಗರಿಗೆ ಇರುತ್ತದೆ. 20 ಟನ್ ಮಷೀನಿನಲ್ಲಿ ಮೇನ್ ಪ್ರೆಶರ್ 350 ಬಾರ್ ಹತ್ತಿರ ಇರುತ್ತದೆ, ಜೆಸಿಬಿಯಲ್ಲಿ 250ರ ಆಸುಪಾಸು. ಕಾರಿನ ಟೈರಿನಲ್ಲಿ ಇರುವುದು ಎರಡೂಕಾಲು ಬಾರ್, ಲೆಕ್ಕ ಹಾಕು. ಸೂಜಿಮೊನೆ ತೂತಿನಿಂದ ಬಂದ ಆಯಿಲ್ ಚರ್ಮ ದಾಟಿ ಬೆರಳೊಳಗೆ ಹೋಗುತ್ತದೆ. ಮೊದಲಿಗೆ ಬರೀ ಚುಚ್ಚಿದಷ್ಟು ಗುರುತು, ನೋವೂ ಜಾಸ್ತಿ ಇರುವುದಿಲ್ಲ, ಅದಕ್ಕೇ ಜನ ಅರಿಶಿನ ಹಚ್ಚಿ ಮಲಗಿಬಿಡುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ಕೈ ಬಾತಿರುತ್ತದೆ. ನಮ್ಮ ಪಕ್ಕದ ಕ್ವಾರಿಯ ಹೆಲ್ಪರ್ ಹುಡುಗ ತೋರುಬೆರಳು ಕಳೆದುಕೊಂಡದ್ದು ಹೀಗೆ. ರಟ್ಟಿನ ತುಂಡು ಹಿಡಿದು ಲೀಕ್ ನೋಡು. ಚುಚ್ಚಿತು ಅಂತ ಅನುಮಾನ ಬಂದರೂ ಸಾಕು, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ ಪ್ರೆಶರಿನಲ್ಲಿ ಆಯಿಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಆಪರೇಷನ್ನೇ ದಾರಿ, ಅದೂ ಗಂಟೆಗಳ ಲೆಕ್ಕದಲ್ಲಿ.

ಮುಧೋಳ_ಹುಡುಗ

ಅಣ್ಣಾ, ಬಹಳ ಉಪಕಾರ ಆಯಿತು. ಹೋಸ್ ಅದಲು ಬದಲು ಮಾಡುವುದು ಯಾರೂ ಹೇಳಿರಲಿಲ್ಲ. ಒಂದು ಡೌಟ್. ಬೂಮ್, ಆರ್ಮ್, ಟ್ರಾವೆಲ್ ಎಲ್ಲವೂ ಒಟ್ಟಿಗೆ ನಿಧಾನ ಆದರೆ ಆಗ ಪಂಪೇ ಅಲ್ವಾ?

ಇಳಕಲ್_ಕ್ವಾರಿ_ಮಿಸ್ತ್ರಿ

ಇರಬಹುದು, ಆದರೆ ಅದೇ ಅಂತ ಹೇಳಲಿಕ್ಕೆ ಬರುವುದಿಲ್ಲ. ಮೊದಲು ಎಂಜಿನ್ ಆರ್‌ಪಿಎಂ ಪೂರ್ತಿ ಬರುತ್ತಿದೆಯಾ, ಲೋಡ್ ಬಂದಾಗ ಕುಸಿಯುತ್ತಿದೆಯಾ ನೋಡು. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಮಾಲಕರು ಹೈಡ್ರಾಲಿಕ್ ವೀಕ್ ಅಂತಲೇ ಹೇಳುತ್ತಾರೆ. ಆಮೇಲೆ ಪೈಲಟ್ ಪ್ರೆಶರ್, ಅಂದರೆ ಲಿವರ್ ಎಳೆದಾಗ ವಾಲ್ವ್ ಸರಿಸುವ ಸಣ್ಣ ಲೈನಿನ ಪ್ರೆಶರ್, 40 ಬಾರ್ ಆಸುಪಾಸು ಬರಬೇಕು. ಅದು ಕಡಿಮೆ ಇದ್ದರೆ ವಾಲ್ವಿನೊಳಗಿನ ಸ್ಪೂಲ್ ಪೂರ್ತಿ ತೆರೆಯುವುದೇ ಇಲ್ಲ, ಎಲ್ಲ ನಿಧಾನ ಆಗುತ್ತದೆ, ದೊಡ್ಡ ಪಂಪ್ ಪಾಪ ಸರಿಯಾಗೇ ಇರುತ್ತದೆ. ಪೈಲಟ್ ಫಿಲ್ಟರ್ ಎಷ್ಟೋ ಮಷೀನ್‌ಗಳಲ್ಲಿ ಮುಟ್ಟಿರುವುದೇ ಇಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಚಲೋ, ಮಧ್ಯಾಹ್ನ ಬಿಸಿಯಾದ ಮೇಲೆ ವೀಕ್ ಅಂದರೆ ಮಾತ್ರ ಒಳಗೆ ಸವೆತ ಇರಬೇಕು ಅಂತ ಅನುಮಾನ ಪಡು. ಬಿಸಿ ಆಯಿಲ್ ತೆಳ್ಳಗಾಗುತ್ತದೆ, ಸವೆದ ಸಂದಿಯಲ್ಲಿ ಸೋರುತ್ತದೆ. ಆಗಲೂ ಪಂಪಿನೊಳಗೆ ಸೋರಿದ ಆಯಿಲ್ ಟ್ಯಾಂಕಿಗೆ ವಾಪಸ್ ಒಯ್ಯುವ ಕೇಸ್ ಡ್ರೇನ್ ಹೋಸ್ ಬಿಚ್ಚಿ, ಒಂದು ನಿಮಿಷಕ್ಕೆ ಎಷ್ಟು ಲೀಟರ್ ವಾಪಸ್ ಬರುತ್ತದೆ ಅಳೆದು, ಮ್ಯಾನುಯಲ್ ಜೊತೆ ತಾಳೆ ನೋಡಿದ ಮೇಲೇ ಪಂಪಿನ ಬೋಲ್ಟಿಗೆ ಕೈ ಹಾಕು.

ಉದ್ಯಮಬಾಗ_ಸರ್ವಿಸ್

ಬೆಳಗಾವಿಯಿಂದ. ಡೀಲರ್ ಸರ್ವಿಸ್‌ನಲ್ಲಿ ಹಲವು ವರ್ಷ ಇದ್ದು ಈಗ ಉದ್ಯಮಬಾಗದಲ್ಲಿ ಸ್ವಂತ ಕೆಲಸ ಮಾಡುತ್ತಿದ್ದೇನೆ. ಎರಡೂ ಕಡೆ ನೋಡಿದ್ದರಿಂದ ಹೇಳುತ್ತೇನೆ.

ಡೀಲರ್ ಹತ್ತಿರ ಎಲ್ಲವೂ ಚಂದ ಇಲ್ಲ. ಫೋನ್ ರಾತ್ರಿ ಹನ್ನೊಂದಕ್ಕೂ ಬರುತ್ತದೆ. ಬೈಕಿನ ಹಿಂದೆ ಟೂಲ್ ಬ್ಯಾಗ್ ಕಟ್ಟಿಕೊಂಡು ಇವತ್ತು ಖಾನಾಪುರ, ನಾಳೆ ಅಥಣಿ. ಮಾಲಕರು ಕಂಪನಿ ಮೇಲಿನ ಸಿಟ್ಟೆಲ್ಲ ನಿನ್ನ ಮೇಲೆ ತೀರಿಸುತ್ತಾರೆ. ಮೊದಲ ಆರು ತಿಂಗಳು ನಿನಗೆ ಕೊಡುವುದು ಸರ್ವಿಸ್ ಕೆಲಸವೇ, ಮಷೀನ್ ಓಡಿದ 250 ಗಂಟೆಗೆ, 500 ಗಂಟೆಗೆ ಆಯಿಲ್ ಫಿಲ್ಟರ್. ಬೋರ್ ಹೊಡೆಯುತ್ತದೆ.

ಆದರೆ ಮೂರು ಸಂಗತಿ ಅಲ್ಲಿ ಸಿಗುತ್ತವೆ, ಗ್ಯಾರೇಜಿನಲ್ಲಿ ಸಿಗುವುದು ಕಷ್ಟ. ಒಂದು, ಸರ್ವಿಸ್ ಮ್ಯಾನುಯಲ್. ಪ್ರತಿ ಮಷೀನಿನ ಸರ್ಕಿಟ್, ಪ್ರೆಶರ್, ಟಾರ್ಕ್ ಎಲ್ಲ ಅದರಲ್ಲಿ ಇರುತ್ತದೆ. ಎರಡನೆಯದು ವಾರಂಟಿ ರಿಪೋರ್ಟ್. ಕೇಳಲಿಕ್ಕೆ ಗುಮಾಸ್ತನ ಕೆಲಸ ಅನಿಸುತ್ತದೆ, ಆದರೆ ನಿಜವಾದ ಪಾಠ ಅಲ್ಲೇ. ಪಂಪ್ ಹೋಗಿದೆ ಅಂತ ಬರೆದರೆ ಕಂಪನಿ ಒಪ್ಪುವುದಿಲ್ಲ. ಆಯಿಲ್ ಎಷ್ಟು ಬಿಸಿ ಇತ್ತು, ಯಾವ ಪೋರ್ಟಿನಲ್ಲಿ ಎಷ್ಟು ಬಾರ್ ಬಂತು, ಎಷ್ಟು ಬರಬೇಕಿತ್ತು, ಫೋಟೋ ಸಮೇತ ಬರೆಯಬೇಕು. ಹಾಗೆ ಬರೆದು ಬರೆದು ಅಳತೆ ಮಾಡದೆ ಮಾತಾಡುವ ಚಾಳಿಯೇ ಹೋಗುತ್ತದೆ. ಮೂರನೆಯದು ಎಲೆಕ್ಟ್ರಿಕಲ್.

ಎಲೆಕ್ಟ್ರಿಕಲ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಮುಂದಿನ ಹೊಟ್ಟೆಪಾಡು ಅದರಲ್ಲೇ ಇದೆ. ಜೆಸಿಬಿ ತರಹದ ಚಕ್ರದ ಮಷೀನ್‌ಗಳಿಗೆ 2021ರ ಏಪ್ರಿಲ್‌ನಿಂದ ಸಿಇವಿ ಸ್ಟೇಜ್ 4 ಅನ್ನುವ ಹೊಗೆ ನಿಯಮ ಬಂತು, 2025ರ ಜನವರಿಯಿಂದ ಸ್ಟೇಜ್ 5. ಕೈಯಿಂದ ಟೈಮಿಂಗ್ ಕೂರಿಸಿ ಹೊಗೆ ನೋಡಿ ಸರಿ ಮಾಡುವ ಹಳೆ ಪಂಪಿನ ಕಾಲ ಹೊಸ ಮಷೀನ್‌ಗಳಲ್ಲಿ ಮುಗಿಯಿತು. ಕಾಮನ್ ರೈಲ್ (ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಸಿಂಪಡಿಸುವ ವ್ಯವಸ್ಥೆ), ಇಸಿಎಂ (ಎಂಜಿನ್ ಕಂಪ್ಯೂಟರ್), ಸೆನ್ಸರ್, ಹೊಗೆ ಶುದ್ಧ ಮಾಡುವ ಫಿಲ್ಟರ್. ಹಳೆ ಮಷೀನ್‌ಗಳು ಇನ್ನೂ ಬಹಳ ವರ್ಷ ಓಡುತ್ತವೆ, ನಿಮ್ಮ ಕಾಕಾಗೆ ಕೆಲಸ ಕಡಿಮೆ ಆಗುವುದಿಲ್ಲ. ಆದರೆ ನಿನಗೆ ಈಗ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಮುಂದೆ ಮೂವತ್ತು ವರ್ಷ ದುಡಿಯಬೇಕು.

ಲ್ಯಾಪ್‌ಟಾಪ್ ಕಂಡು ಹೆದರುವುದೂ ಬೇಡ, ಅದನ್ನು ಪೂಜೆ ಮಾಡುವುದೂ ಬೇಡ. ಕೋಡ್ ಯಾವ ಸರ್ಕಿಟಿನಲ್ಲಿ ತೊಂದರೆ ಅಂತ ಹೇಳುತ್ತದೆ, ಯಾವ ಪಾರ್ಟ್ ಬದಲಿಸು ಅಂತ ಹೇಳುವುದಿಲ್ಲ. ಸೆನ್ಸರ್ ಕೋಡ್ ಬಂತು ಅಂತ ಸೆನ್ಸರ್ ಬದಲಿಸುವವರೇ ಜಾಸ್ತಿ. ಖಾನಾಪುರದ ಮಳೆಯಲ್ಲಿ ನಿಂತ ಮಷೀನಿಗೆ ಕೋಡ್ ಬಂದರೆ ನಾನು ಮೊದಲು ಕನೆಕ್ಟರ್ ಬಿಚ್ಚುತ್ತೇನೆ. ಒಳಗೆ ನೀರು, ಪಿನ್ನಿನ ಮೇಲೆ ಹಸಿರು ಕಿಲುಬು. ಒರೆಸಿ, ಒಣಗಿಸಿ, ಸೀಲ್ ಸರಿ ಕೂರಿಸಿದರೆ ಎಷ್ಟೋ ಸಲ ಕೋಡ್ ಹೋಗುತ್ತದೆ. ಮೀಟರ್, ಇಸಿಎಂ ಎಲ್ಲ ಒಂದರ ಮಾತು ಒಂದಕ್ಕೆ ತಿಳಿಯದೆ ಒಮ್ಮೆಲೇ ಹತ್ತು ಕೋಡ್ ಬಂದರೆ ಬ್ಯಾಟರಿ ಸ್ವಿಚ್ ಆಫ್ ಮಾಡಿ, ಅವು ಮಾತಾಡಿಕೊಳ್ಳುವ ಕ್ಯಾನ್ ಹೈ ಮತ್ತು ಕ್ಯಾನ್ ಲೋ ವೈರ್‌ಗಳ ನಡುವೆ ಮಲ್ಟಿಮೀಟರ್ ಇಡು. 60 ಓಮ್ ಬಂದರೆ ಸರಿ. ಎರಡು ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಪ್ಯಾರಲಲ್ ಆಗಿ 60. ಮೀಟರ್ 120 ತೋರಿಸಿದರೆ ಎಲ್ಲೋ ವೈರ್ ಕಟ್ ಆಗಿದೆ ಅಥವಾ ಒಂದು ರೆಸಿಸ್ಟರ್ ಲೈನಿನಲ್ಲಿ ಇಲ್ಲ. ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಎಲ್ಲೋ ಉಜ್ಜಿ ಒಂದಕ್ಕೊಂದು ತಾಗಿವೆ. ಇದನ್ನು ಕಲಿಯಲಿಕ್ಕೆ ಇಂಜಿನಿಯರ್ ಆಗಬೇಕಿಲ್ಲ.

ಸೇರುವ ಮುಂಚೆ ಒಂದೇ ಕೇಳಿಕೋ. ಅಪ್ರೆಂಟಿಸ್ ಅಂತ ಸರ್ಕಾರದ ಪೋರ್ಟಲ್‌ನಲ್ಲಿ ಕಾಂಟ್ರ್ಯಾಕ್ಟ್ ರಿಜಿಸ್ಟರ್ ಮಾಡುತ್ತಾರಾ, ಅಥವಾ ಬರೀ ಬಾಯಿಮಾತಿಗೆ ಅಪ್ರೆಂಟಿಸ್ ಅನ್ನುತ್ತಾರಾ ಅಂತ. ರಿಜಿಸ್ಟರ್ ಆದರೆ ವರ್ಷದ ಕೊನೆಗೆ ಪರೀಕ್ಷೆ, ಪಾಸಾದರೆ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಕೈಗೆ ಬರುತ್ತದೆ. ಇಲ್ಲದಿದ್ದರೆ ನೀನು ಕಡಿಮೆ ಪಗಾರದ ಹೆಲ್ಪರ್, ಅದನ್ನು ಮುಧೋಳದಲ್ಲೇ ಮಾಡಬಹುದು, ಅವ್ವನ ಕೈ ಊಟ ಬೇರೆ.

ಬಾಗೇವಾಡಿ_ಮಾಲಕ

ನಾನು ಮೆಕ್ಯಾನಿಕ್ ಅಲ್ಲ. ಎರಡು ಮಷೀನ್ ಇಟ್ಟಿದ್ದೇನೆ, ಕೃಷ್ಣಾ ಕಾಲುವೆ ಕೆಲಸಕ್ಕೆ, ಹೊಲ ಸಮ ಮಾಡಲಿಕ್ಕೆ ಓಡುತ್ತವೆ. ಇಲ್ಲಿ ಮಾಲಕರ ಮಾತನ್ನೂ ಒಬ್ಬರು ಹೇಳಲಿ ಅಂತ ಬರೆಯುತ್ತಿದ್ದೇನೆ.

ಮಷೀನ್ ನಿಂತರೆ ಕಂತು ನಿಲ್ಲುವುದಿಲ್ಲ, ಆಪರೇಟರ್ ಪಗಾರ ನಿಲ್ಲುವುದಿಲ್ಲ. ಮಿಸ್ತ್ರಿ ಬಂದ ಕೂಡಲೇ ನನಗೆ ಬೇಕಾಗಿರುವುದು ಒಂದೇ, ಎಷ್ಟು ದಿನ, ಎಷ್ಟು ದುಡ್ಡು. ಅದನ್ನು ಬಿಚ್ಚುವ ಮುಂಚೆ ಹೇಳುವವರು ನಮ್ಮ ಭಾಗದಲ್ಲಿ ಬೆರಳೆಣಿಕೆಯಷ್ಟು. ಉಳಿದವರು ಮೊದಲು ಮಷೀನ್ ಬಿಚ್ಚಿ ಹರಡುತ್ತಾರೆ, ಆಮೇಲೆ ಪಟ್ಟಿ ಕೊಡುತ್ತಾರೆ. ಹರಡಿದ ಮೇಲೆ ನಾನು ಎಲ್ಲಿಗೆ ಹೋಗಲಿ? ಪಾರ್ಟ್ಸ್ ಅಂಗಡಿಯಲ್ಲಿ ಕಮಿಷನ್ ಬೇರೆ. ಡುಪ್ಲಿಕೇಟ್ ಫಿಲ್ಟರ್ ಹಾಕಿ ಒರಿಜಿನಲ್ ಬಿಲ್ ಕೊಟ್ಟವರನ್ನೂ ನೋಡಿದ್ದೇನೆ, ಫಿಲ್ಟರಿನ ಕಾಗದ ಕಿತ್ತು ಆಯಿಲ್‌ನಲ್ಲಿ ಕಲಸಿ ಹೋಗಿತ್ತು.

ಹುಡುಗಾ, ನೀನು ಎಲ್ಲಿ ಬೇಕಾದರೂ ಕಲಿ. ಆದರೆ ತೆಗೆದ ಹಳೆ ಪಾರ್ಟನ್ನು ಮಾಲಕರ ಕೈಗೆ ಕೊಟ್ಟು, ಇಲ್ಲಿ ಸವೆದಿದೆ ನೋಡಿ ಅಂತ ತೋರಿಸುವ ರೂಢಿ ಮಾಡಿಕೋ. ಅಂಥ ಮಿಸ್ತ್ರಿಗೆ ನಾನು ವಿಜಯಪುರದಿಂದ ಗಾಡಿ ಕಳಿಸಿ ಕರೆಸುತ್ತೇನೆ, ಕೇಳಿದ್ದು ಕೊಡುತ್ತೇನೆ.

ಇಳಕಲ್_ಕ್ವಾರಿ_ಮಿಸ್ತ್ರಿ

ಮಾಲಕರೇ, ಕಮಿಷನ್ ಮಾತು ಒಪ್ಪುತ್ತೇನೆ. ಆದರೆ ಕೇಳಿದ್ದು ಕೊಡುತ್ತೇನೆ ಅನ್ನುವುದನ್ನು ನಮ್ಮ ಕಡೆ ಮಾಲಕರಿಗೂ ಒಂಚೂರು ಹೇಳಿ ನೋಡೋಣ. ಹೈಡ್ರಾಲಿಕ್ ಆಯಿಲ್ ಬದಲಿಸುವ ಟೈಮ್ ದಾಟಿ ಹೋಗಿದೆ ಅಂದರೆ "ಇನ್ನೊಂದು ತಿಂಗಳು ಓಡಲಿ" ಅನ್ನುತ್ತಾರೆ. ಪಂಪ್ ಹೋದ ಮೇಲೆ ಆ ಒಂದು ತಿಂಗಳ ನೆನಪು ಯಾರಿಗೂ ಇರುವುದಿಲ್ಲ. ಪಂಪ್ ಹಾಳಾಗಿ ಲೋಹದ ಪುಡಿ ಲೈನ್ ತುಂಬ ಹರಡಿದಾಗ, ಟ್ಯಾಂಕ್, ಕೂಲರ್, ಪೈಪ್ ಎಲ್ಲ ತೊಳೆಯದೆ ಹೊಸ ಪಂಪ್ ಕೂರಿಸಿ ಅಂತ ಅವಸರ ಮಾಡುವವರೂ ಮಾಲಕರೇ. ಹೊಸ ಪಂಪ್ ಅದೇ ಪುಡಿ ತಿಂದು ಮತ್ತೆ ಹೋಗುತ್ತದೆ. ಬೈಗುಳ ಮಾತ್ರ ನಮಗೆ.

ಬಾಗೇವಾಡಿ_ಮಾಲಕ

ಅದೂ ನಿಜ ರೀ. ನಾನು ಆಯಿಲ್ ವಿಷಯದಲ್ಲಿ ಕಂಜೂಸಿ ಮಾಡುವುದಿಲ್ಲ, ಆದರೆ ಮಾಡುವವರು ನನ್ನ ಗೆಳೆಯರಲ್ಲೇ ಇದ್ದಾರೆ.

ಅಥಣಿಯವ_ಈಗ_ಒಮಾನ್

ಮಸ್ಕತ್ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ದುಡ್ಡು ಇದೆ, ಸುಳ್ಳಲ್ಲ. ಆದರೆ ಹೆಲ್ಪರ್ ಆಗಿ ಬಂದರೆ ಹೆಲ್ಪರ್ ಆಗಿಯೇ ಇಡುತ್ತಾರೆ. ಇಲ್ಲಿ ಇಂಟರ್‌ವ್ಯೂನಲ್ಲಿ ಸರ್ಕಿಟ್ ಡ್ರಾಯಿಂಗ್ ಮುಂದಿಟ್ಟು ಈ ಲೈನಿನಲ್ಲಿ ಪ್ರೆಶರ್ ಇಲ್ಲ, ಎಲ್ಲಿಂದ ನೋಡುತ್ತೀಯ ಅಂತ ಕೇಳುತ್ತಾರೆ. ಉತ್ತರ ಬಂದರೆ ಮೆಕ್ಯಾನಿಕ್ ಪಗಾರ, ಬಾರದಿದ್ದರೆ ಗ್ರೀಸ್ ಗನ್. ಬಂದ ಮೇಲೆ ಕಲಿಯುತ್ತೇನೆ ಅಂದುಕೊಂಡು ಬಂದವರು ಬಿಸಿಲಲ್ಲಿ ಗ್ರೀಸ್ ಹೊಡೆಯುತ್ತಲೇ ಇದ್ದಾರೆ. ಮೊದಲು ಕಲಿ, ಆಮೇಲೆ ಬಾ. ಮಾವನಿಗೂ ಇದನ್ನೇ ಹೇಳು.

ಬರುವ ದಿನ ಬಂದಾಗ ಏಜೆಂಟ್ ಲೈಸೆನ್ಸ್ ಇದೆಯಾ ಅಂತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ನೋಡಿಕೋ. ಲೈಸೆನ್ಸ್ ಇರುವ ಏಜೆಂಟ್ ಸರ್ವಿಸ್ ಚಾರ್ಜ್ ಅಂತ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಇದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ನಮ್ಮ ಕಡೆ ಲಕ್ಷ, ಒಂದೂವರೆ ಲಕ್ಷ ಕೊಟ್ಟು ಹೊಲ ಅಡವಿಟ್ಟವರನ್ನು ನೋಡಿದ್ದೇನೆ. ವಿಸಿಟ್ ವೀಸಾದಲ್ಲಿ ಬಾ, ಇಲ್ಲಿ ಬಂದ ಮೇಲೆ ಬದಲಿಸೋಣ ಅಂದರೆ ಫೋನ್ ಕಟ್ ಮಾಡು.

ಕಬ್ಬಿನ_ಹಾರ್ವೆಸ್ಟರ್

ಎಲ್ಲರೂ ಹಿಟಾಚಿ ಬಗ್ಗೆಯೇ ಬರೆದಿದ್ದೀರಿ. ಮುಧೋಳದಲ್ಲಿ ಕುಳಿತು ಕಬ್ಬು ಕಟಾವು ಮಷೀನ್ ಮರೆತರೆ ಹೇಗೆ? ಕಟಾವಿನ ಗ್ಯಾಂಗ್ ಸಿಗುವುದು ವರ್ಷ ವರ್ಷ ಕಷ್ಟ ಆಗುತ್ತಿದೆ, ಚಿಕ್ಕೋಡಿ, ರಾಯಬಾಗ, ಜಮಖಂಡಿ ಕಡೆ ಹಾರ್ವೆಸ್ಟರ್ ಓಡಾಡುತ್ತಿವೆ. ಆ ಮಷೀನ್ ಪೂರ್ತಿ ಹೈಡ್ರಾಲಿಕ್. ಬುಡ ಕತ್ತರಿಸುವ ಬೇಸ್ ಕಟರ್, ತುಂಡು ಮಾಡುವ ಚಾಪರ್, ರವದಿ (ಕಬ್ಬಿನ ಒಣ ಗರಿ) ಊದುವ ಫ್ಯಾನ್, ಎಲಿವೇಟರ್, ಎಲ್ಲಕ್ಕೂ ಮೋಟರ್. ಕ್ವಾರಿ ಅಣ್ಣ ಹೇಳಿದ ಅದೇ ಗೇಜ್, ಅದೇ ಲೆಕ್ಕ ಇಲ್ಲೂ ನಡೆಯುತ್ತದೆ.

ಇಲ್ಲಿ ಬೇರೆ ಕಷ್ಟ ಏನೆಂದರೆ ಟೈಮ್ ಇರುವುದಿಲ್ಲ. ತುಂಡಾದ ಕಬ್ಬು ಟ್ರಾಲಿಯಲ್ಲಿ ನಿಂತಷ್ಟೂ ತೂಕ ಹೋಗುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ರಾತ್ರಿ ಎರಡಕ್ಕೆ ಹೊಲದಲ್ಲಿ ಹೆಡ್‌ಲೈಟ್ ಬೆಳಕಲ್ಲಿ ಹೋಸ್ ಬದಲಿಸುತ್ತೀಯ. ಅಕ್ಟೋಬರ್, ನವೆಂಬರ್‌ನಿಂದ ಮಾರ್ಚ್‌ವರೆಗೆ ಮನೆ ಮುಖ ನೋಡುವುದು ಕಡಿಮೆ, ಆಮೇಲೆ ಮಷೀನ್ ಬಿಚ್ಚಿ ಓವರ್‌ಹಾಲ್. ರೇಡಿಯೇಟರಿಗೆ ರವದಿ ಕಟ್ಟಿಕೊಂಡು ಬಿಸಿಯಾಗುವುದು ದಿನದ ಕಥೆ. ಸೈಲೆನ್ಸರ್, ಟರ್ಬೋ ಸುತ್ತ ಒಣ ರವದಿ ಸೇರಿ, ಅದರ ಮೇಲೆ ಆಯಿಲ್ ತೊಟ್ಟಿಕ್ಕಿದರೆ ಮಷೀನಿಗೆ ಬೆಂಕಿಯೇ. ದಿನಾ ಗಾಳಿ ಹೊಡೆದು ಸ್ವಚ್ಛ ಮಾಡಿಸುವುದು ಮೆಕ್ಯಾನಿಕ್ ಕೆಲಸ ಅಲ್ಲ ಅಂತ ಅಂದುಕೊಳ್ಳಬೇಡ.

ನನ್ನ ಪ್ರಕಾರ ಈ ಸೀಸನ್ ಕಾಕಾ ಜೊತೆ ಮುಗಿಸು. ಅಪ್ರೆಂಟಿಸ್ ಆಮೇಲೂ ಸಿಗುತ್ತದೆ.

ಉದ್ಯಮಬಾಗ_ಸರ್ವಿಸ್

ಇದನ್ನು ನಾನು ಒಪ್ಪುವುದಿಲ್ಲ. ಸೀಸನ್ ಪ್ರತಿ ವರ್ಷ ಬರುತ್ತದೆ, ಕರೆದಾಗ ಹೋಗದಿದ್ದರೆ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಕಾಕಾಗೆ ಈಗಲೇ ನೇರವಾಗಿ ಹೇಳಿ, ಬೇರೆ ಹುಡುಗನನ್ನು ನೋಡಿಕೊಳ್ಳಲು ಹದಿನೈದು ದಿನ ಟೈಮ್ ಕೊಟ್ಟು ಬಾ. ಜಗಳ ಮಾಡಿಕೊಂಡು ಬರಬೇಡ. ನಾಳೆ ನೀನು ಸ್ವಂತ ಗ್ಯಾರೇಜ್ ಹಾಕಿದಾಗ ಮೊದಲ ಗಿರಾಕಿ ಅವರ ಕಡೆಯಿಂದಲೇ ಬರಬಹುದು. ಎಂಜಿನ್ ಸದ್ದು ಕೇಳಿ ಹೇಳುವ ಕಿವಿಯನ್ನು ಯಾವ ಕಂಪನಿ ಟ್ರೇನಿಂಗ್‌ನಲ್ಲೂ ಕೊಡುವುದಿಲ್ಲ, ಅದು ಕಾಕಾರಿಂದ ಬಂದದ್ದು ಅಂತ ನೆನಪಿರಲಿ.

ಮುಧೋಳ_ಹುಡುಗ

ಎಲ್ಲರ ಉತ್ತರ ಅಪ್ಪನಿಗೂ ಓದಿ ಹೇಳಿದೆ. ಬೆರಳು ಹೋದ ಹುಡುಗನ ಸಂಗತಿ ಕೇಳಿ ಅವರು ಈ ಕೆಲಸವೇ ಬೇಡ ಅಂದರು, ಅದು ಬೇರೆ ವಿಷಯ! ಆಮೇಲೆ ಮಾಲಕರು ಬರೆದದ್ದು ಕೇಳಿ ಸ್ವಲ್ಪ ಮೆತ್ತಗಾದರು.

ಡೀಲರ್ ಆಫೀಸಿಗೆ ಫೋನ್ ಮಾಡಿ ಕೇಳಿದೆ. ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡುತ್ತೇವೆ, ಆಧಾರ್, ಐಟಿಐ ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ತನ್ನಿ ಅಂದರು. ಮುಂದಿನ ತಿಂಗಳು ಹೋಗುತ್ತೇನೆ. ಕಾಕಾಗೆ ನಿನ್ನೆ ಸಂಜೆ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, "ಹೋಗು, ಆದರ ಆ ಕೋಡ್ ಹೆಂಗ ಓದೂದು ಅಂತ ರಜಾಕ್ಕ ಬಂದಾಗ ನನಗೂ ಹೇಳಿಕೊಡಬೇಕು" ಅಂದರು.

ಅಷ್ಟರಲ್ಲಿ ಗೇಜ್ ಒಂದು ಸ್ವಂತ ತೆಗೆದುಕೊಳ್ಳೋಣ ಅಂತ ಇದ್ದೇನೆ. ಎಂಥದ್ದು ತೆಗೆದುಕೊಳ್ಳಲಿ? ರೂಮ್ ಉದ್ಯಮಬಾಗ ಹತ್ತಿರ ಸಿಗುತ್ತದಾ?

ಉದ್ಯಮಬಾಗ_ಸರ್ವಿಸ್

ಎರಡು ಗೇಜ್ ಬೇಕು, ಒಂದರಲ್ಲಿ ಆಗುವುದಿಲ್ಲ. ಮೇನ್ ಪ್ರೆಶರಿಗೆ 600 ಬಾರ್‌ದು, ಪೈಲಟ್‌ಗೆ 60 ಬಾರ್‌ದು. ಎರಡೂ ಗ್ಲಿಸರಿನ್ ತುಂಬಿದ್ದು ತೆಗೆದುಕೋ, ಮುಳ್ಳು ನಡುಗುವುದಿಲ್ಲ. 60ರ ಗೇಜಿಗೆ ಕೆಂಪು ಟೇಪ್ ಸುತ್ತಿಡು, ಅದನ್ನು ಮೇನ್ ಪೋರ್ಟಿಗೆ ಹಾಕಿದರೆ ಮುಖದ ಮೇಲೆ ಒಡೆಯುತ್ತದೆ. ಜೊತೆಗೆ ತೆಳ್ಳನೆ ಟೆಸ್ಟ್ ಹೋಸ್ ಎರಡು, ಒಂದೂವರೆ ಮೀಟರಿನದು. ಕ್ಯಾಬಿನ್ ಹತ್ತಿರ ನಿಂತು ಓದಲು ಬರಬೇಕು, ಲಿವರ್ ಎಳೆಯುವಾಗ ಪಂಪಿನ ಪಕ್ಕದಲ್ಲಿ ತಲೆ ಇಟ್ಟುಕೊಂಡು ಕೂರಬಾರದು. ನೂಲು ಬಿಡದ ಬಟ್ಟೆ, ಬಿಚ್ಚಿದ ಹೋಸ್ ಬಾಯಿಗೆ ಹಾಕಲು ಪ್ಲಾಸ್ಟಿಕ್ ಕ್ಯಾಪ್ ಒಂದು ಡಬ್ಬಿ. ವೇಸ್ಟ್ ಕಾಟನ್ ಪಂಪಿನ ಹತ್ತಿರ ತರಬೇಡ.

ಥ್ರೆಡ್ ಒಂದೊಂದು ಕಂಪನಿಯದು ಒಂದೊಂದು ಥರ. ಹಳೆ ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗು, ಅಡಾಪ್ಟರ್ ತಾಳೆ ನೋಡಿ ಕೊಡುತ್ತಾರೆ. ಉದ್ಯಮಬಾಗ, ಮಚ್ಛೆ ಕಡೆ ಹೈಡ್ರಾಲಿಕ್ ಸಾಮಾನು ಮಾಡುವ ಕಾರ್ಖಾನೆಗಳೇ ಇವೆ, ಫಿಟ್ಟಿಂಗ್ ಸಿಗುವುದಿಲ್ಲ ಅನ್ನುವ ಮಾತೇ ಇಲ್ಲ. ರೂಮ್ ಕೂಡ ಮಚ್ಛೆಯಲ್ಲಿ ನೋಡು, ಬಾಡಿಗೆ ಊರೊಳಗಿಗಿಂತ ಕಡಿಮೆ, ಹೊರಗಿನಿಂದ ಬಂದ ಹುಡುಗರು ಬಹಳ ಜನ ಅಲ್ಲೇ ಇರುತ್ತಾರೆ. ಬಂದ ದಿನ ಇಲ್ಲೇ ಮೆಸೇಜ್ ಹಾಕು, ಅಂಗಡಿ ತೋರಿಸುತ್ತೇನೆ.